ಊರಿಗೊಬ್ಬ ಟೆಂಡರಣ್ಣ

ದಾವಣಗೆರೆಯಲ್ಲಿ ಪೇಪರನ್ನು ಒಳಪುಟದಿಂದ ಓದಲು ಶುರುಮಾಡುವ ಮನುಷ್ಯ ಕಂಡರೆ ಅವನೇ ಟೆಂಡರಣ್ಣ ಎಂದು ತಿಳಿಯಿರಿ. ಮುಖಪುಟದ ರಾಜಕೀಯ, ಕೊನೆಪುಟದ ಕ್ರಿಕೆಟ್ಟು, ನಡುವಿನ ದಿನಭವಿಷ್ಯ ಯಾವುದೂ ಅವನಿಗೆ ಬೇಡ. ಕನ್ನಡಕ ಹಣೆಗೇರಿಸಿ, ಪೇಪರನ್ನು ಮೂಗಿನ ಹತ್ತಿರ ತಂದುಕೊಂಡು ಅವನು ಹುಡುಕುವುದು ಸಣ್ಣಕ್ಷರದ ‘ಅಲ್ಪಾವಧಿ ಟೆಂಡರ್ ಪ್ರಕಟಣೆ’. ಅವನ ಭವಿಷ್ಯವೆಲ್ಲ ಅಲ್ಲೇ. ಸರ್ಕಾರ ಬಿದ್ದ ಸುದ್ದಿ ಅವನಿಗೆ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ. ಆಗಲೂ ಅವನು ಕೇಳುವುದು ಒಂದೇ: “ಹಂಗಾದ್ರ ನಮ್ಮ ಬಿಲ್ ಯಾರು ಪಾಸ್ ಮಾಡೋರು?”

ಅವನಿಗೆ ಬೇರೆ ಹೆಸರಿದೆ. ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಗೆ ವಿಭೂತಿ, ಬೈಕಿನ ಡಿಕ್ಕಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಫೈಲು. ಜಯದೇವ ವೃತ್ತದಲ್ಲಿ ಟೀ ಕುಡಿಯುತ್ತ ಫೋನು ಬಂದರೆ “ಎಂಜಿನಿಯರ್ ಸಾಹೇಬ್ರ ಚೇಂಬರ್‌ನಾಗ ಅದೀನಿ” ಎನ್ನುತ್ತಾನೆ. ನಿಜಕ್ಕೂ ಚೇಂಬರಿನಲ್ಲಿದ್ದಾಗ ಫೋನೇ ಎತ್ತುವುದಿಲ್ಲ.

ಹರಿಹರದಲ್ಲೂ ಒಬ್ಬನಿದ್ದಾನೆ. ಎರಡೂರಿನ ನಡುವೆ ಹದಿನೈದು ಕಿಲೋಮೀಟರೂ ಪೂರಾ ಇಲ್ಲ. ಆದರೂ ಇವನು ಅಲ್ಲಿ ಟೆಂಡರ್ ಹಾಕಿದರೆ ‘ಹೊರಗಿನವರ ಹಾವಳಿ’, ಅವನು ಇಲ್ಲಿ ಹಾಕಿದರೂ ಅದೇ ಕೂಗು. ಕೆಲಸ ದೊಡ್ಡದಾದರೆ ಮಾತ್ರ ಇಬ್ಬರೂ ಒಂದಾಗುತ್ತಾರೆ. ಹರಿ ಹರರು ಒಂದೇ ಮೂರ್ತಿಯಲ್ಲಿ ಅರ್ಧರ್ಧ ಪಾಲಾಗಿ ನಿಂತ ಊರು ಅದು. ಜಾಯಿಂಟ್ ವೆಂಚರ್ ಎಂದರೇನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಸರ್ಕಾರಿ ದರಪಟ್ಟಿಯ ಎಸ್.ಆರ್. ರೇಟಿಗಿಂತ ಕಡಿಮೆಗೆ ಕಟ್ಟುತ್ತೇನೆಂದು ಯಾರೂ ಅವನಿಗೆ ಬರೆದುಕೊಟ್ಟಂತೆ ಕಾಣುವುದಿಲ್ಲ, 800 ವರ್ಷವಾದರೂ ನಿಂತಿದೆ. ನಮ್ಮವನ ಚರಂಡಿಗೆ ಡಿಫೆಕ್ಟ್ ಲಯಬಿಲಿಟಿ, ಅಂದರೆ ಕೆಟ್ಟರೆ ಸರಿಪಡಿಸಿಕೊಡುವ ಹೊಣೆ, ಒಂದು ವರ್ಷ. ಚರಂಡಿಯೂ ಕರಾರು ಓದಿಕೊಂಡಂತೆ ಹದಿಮೂರನೆಯ ತಿಂಗಳಲ್ಲಿ ಬಾಯಿ ಬಿಡುತ್ತದೆ.

ಕಾನೂನಿನ ವಿಷಯದಲ್ಲಿ ಟೆಂಡರಣ್ಣ ವಕೀಲರಿಗೆ ಪಾಠ ಹೇಳಬಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದು ಕರ್ನಾಟಕ 1999ರ ಕಾಯ್ದೆ ಮಾಡಿತು, 2000ದಲ್ಲಿ ಅದು ಜಾರಿಗೆ ಬಂತು. ಅದರಲ್ಲಿ ಅವನಿಗೆ ಬಾಯಿಪಾಠವಾಗಿರುವುದು 4ನೇ ಕಲಂ, ಅಂದರೆ ಕಾಯ್ದೆ ಎಲ್ಲೆಲ್ಲಿ ಅನ್ವಯಿಸುವುದಿಲ್ಲ ಎಂಬ ಪಟ್ಟಿ. ಹುಡುಗರು ಫೈವ್ ಜಿ ಬಂತು ಎಂದು ಕುಣಿಯುವಾಗ ಅವನು ನಿಟ್ಟುಸಿರು ಬಿಡುತ್ತಾನೆ: “ಫೋರ್ ಜಿ ಸಿಕ್ಕರೆ ಸಾಕಾಗಿತ್ತಪ್ಪ.” ಟೆಂಡರ್ ಕರೆಯದೆಯೇ ಕೆಲಸ ಕೊಡಲು ಸರ್ಕಾರ ವಿನಾಯಿತಿ ಹೊರಡಿಸುವುದು ಆ 4(ಜಿ) ಅಡಿಯಲ್ಲಿ. ಅದು ದೊಡ್ಡವರ ಪಾಲು. ಸಣ್ಣವರಿಗೆ ತುಂಡು ಗುತ್ತಿಗೆ ಇದೆ. ಒಂದೇ ಚರಂಡಿ ಕಾಗದದ ಮೇಲೆ ಮೂರಾಗುತ್ತದೆ: ಹಾಲಿನ ಡೈರಿಯಿಂದ ಬೇವಿನ ಮರದವರೆಗೆ ಒಂದು, ಬೇವಿನ ಮರದಿಂದ ಗಿರಣಿವರೆಗೆ ಇನ್ನೊಂದು, ಗಿರಣಿಯಿಂದ ಮೋರಿವರೆಗೆ ಮತ್ತೊಂದು. ಮೂರರ ಮೊತ್ತವೂ ಟೆಂಡರ್ ಕರೆಯಬೇಕಾದ ಮಿತಿಗಿಂತ ಚೂರೇ ಕೆಳಗೆ. ನೀರಿಗೆ ಈ ಲೆಕ್ಕ ತಿಳಿಯದು, ಅದು ಒಂದೇ ಚರಂಡಿ ಎಂದುಕೊಂಡು ಹರಿಯುತ್ತದೆ.

ಮೊದಲೆಲ್ಲ ಟೆಂಡರ್ ಎಂದರೆ ಡಬ್ಬ. ಡಬ್ಬದ ಸುತ್ತ ನಾಲ್ಕು ಜನ ನಿಂತರೆ ಐದನೆಯವನು ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಎಲ್ಲವೂ ಆನ್‌ಲೈನ್. ಕೊನೆಯ ದಿನ ಮಧ್ಯಾಹ್ನ ಡಿ.ಟಿ.ಪಿ. ಅಂಗಡಿಯಲ್ಲಿ ಅವನನ್ನು ನೋಡಬೇಕು. ನಾಲ್ಕು ಗಂಟೆಗೆ ಪೋರ್ಟಲ್ ಮುಚ್ಚುತ್ತದೆ, ಮೂರೂವರೆಯಾಗಿದೆ. ಡಿಜಿಟಲ್ ಸಹಿಯ ಡಾಂಗಲ್ ಹೆಂಡತಿಯ ಬೀಗದ ಕೈಗೊಂಚಲಿನಲ್ಲಿ ಉಳಿದಿದೆ. ಮಗ ಸ್ಕೂಟಿಯಲ್ಲಿ ತರುತ್ತಾನೆ. ಚುಚ್ಚಿದರೆ ಕಂಪ್ಯೂಟರ್ ಗುರುತು ಹಿಡಿಯುವುದಿಲ್ಲ. ಅಂಗಡಿಯ ಹುಡುಗಿ ತೆಗೆದು, ಉಫ್ ಎಂದು ಊದಿ, ಮತ್ತೆ ಚುಚ್ಚುತ್ತಾಳೆ. ಹಿಡಿಯಿತು.

“ಅಣ್ಣಾ, ರೇಟ್ ಎಷ್ಟು ಹಾಕ್ಲಿ?”

ಟೆಂಡರಣ್ಣ ಅತ್ತಿತ್ತ ನೋಡುತ್ತಾನೆ. ಪಕ್ಕದ ಕುರ್ಚಿಯಲ್ಲಿ ಆಧಾರ್ ತಿದ್ದಿಸಲು ಬಂದ ಅಜ್ಜಿಯೊಬ್ಬಳೇ ಇದ್ದಾಳೆ. ಆದರೂ ಬಾಯಿ ಬಿಡದೆ ಅಂಗೈ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಾನೆ.

“ಇಪ್ಪತ್ತೆರಡು ಬಿಲೋನಾ?” ಎಂದು ಹುಡುಗಿ ಅಂಗಡಿಗೆಲ್ಲ ಕೇಳುವಂತೆ ಕೂಗುತ್ತಾಳೆ.

ಎಸ್ಟಿಮೇಟಿಗಿಂತ ಶೇ 22 ಕಡಿಮೆಗೆ ರಸ್ತೆ ಹಾಕುವುದು ಹೇಗೆ ಎಂದು ಕೇಳಬೇಡಿ. ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿರುವ ಸಿಮೆಂಟೂ ರಸ್ತೆಯಲ್ಲಿರುವ ಸಿಮೆಂಟೂ ಅಣ್ಣತಮ್ಮಂದಿರೇ, ಬೇರೆ ಬೇರೆ ಮನೆ ಮಾಡಿಕೊಂಡಿದ್ದಾರೆ, ಅಷ್ಟೆ. ಅದಲ್ಲದೆ 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಅಂದಿನಿಂದ ಊರಿಗೆ ಒಂದು ಹೊಸ ಋತು ಸೇರಿಕೊಂಡಿದೆ, ಅಗೆಯುವ ಋತು. ಟೆಂಡರಣ್ಣ ಕಾಂಕ್ರೀಟ್ ಹಾಕಿ ಬಿಲ್ ಬರೆಸುವ ಹೊತ್ತಿಗೆ ಪೈಪಿನ ಟೆಂಡರ್ ಹಿಡಿದವನು ಜೆ.ಸಿ.ಬಿ. ತಂದು ನಿಲ್ಲಿಸುತ್ತಾನೆ. ಇವನಿಗೆ ಬೇಸರವೇನಿಲ್ಲ. ಮುಚ್ಚುವುದಕ್ಕೂ ಒಂದು ಟೆಂಡರ್ ಇರುತ್ತದಲ್ಲ!

ಈಚೆಗೆ ಅವನು ರಸ್ತೆ ಬಿಟ್ಟು ಮನುಷ್ಯರ ಕಡೆ ತಿರುಗಿದ್ದಾನೆ. ಸರ್ಕಾರಿ ಕಚೇರಿಗಳಿಗೆ ಡಾಟಾ ಎಂಟ್ರಿಯವರು, ಡ್ರೈವರು, ಡಿ ಗ್ರೂಪಿನವರು ಬರುವುದು ಈಗ ಹೊರಗುತ್ತಿಗೆಯಲ್ಲಿ. ಹಾಗಾಗಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಹೊತ್ತಿಗೆ ಅವನ ಮುಂದೆ ಬಯೋಡಾಟಾ ಹಿಡಿದ ಹುಡುಗರು.

“ಅಣ್ಣಾ, ಹರಿಹರದಿಂದ ಬಂದೀನ್ರಿ. ಡಿಪ್ಲೊಮಾ ಮೆಕ್ಯಾನಿಕಲ್ ಆಗೈತಿ.”

“ನಾನು ಎಲ್ ಒನ್ ಆದ್ರೆ, ಅಂದ್ರೆ ನಂದೇ ಎಲ್ಲರಿಗಿಂತ ಕಡಿಮೆ ರೇಟ್ ಆದ್ರೆ, ನಿನ್ನ ಕೆಲಸ ಗ್ಯಾರಂಟಿ ತಮ್ಮಾ. ಟೈಪಿಂಗ್ ಬರ್ತೈತಾ?”

“ಲೇತ್ ನಡೆಸೋದು ಬರ್ತೈತ್ರಿ.”

“ಲೇತಿಗೆ ಟೆಂಡರ್ ಕರೆಯಂಗಿಲ್ಲಪ್ಪ.”

ಈ ಮಾತು ಆ ಊರಿನ ಹುಡುಗನಿಗೆ ಹೇಳುವಂಥದ್ದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ್ದೇ ಲೇತ್ ಯಂತ್ರಗಳಿಂದ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದದ್ದು ಹತ್ತಿ ಗಿರಣಿಗಳಿಂದ. ಆಗ ಸೈರನ್ ಕೂಗಿದರೆ ಊರು ಏಳುತ್ತಿತ್ತು, ಗೇಟಿನ ಮುಂದೆ ನಿಂತವನಿಗೆ ಇಂದಲ್ಲ ನಾಳೆ ಕೆಲಸ ಸಿಗುತ್ತಿತ್ತು. ಗಿರಣಿಗಳು ಒಂದೊಂದಾಗಿ ನಿಂತವು, ಕಿರ್ಲೋಸ್ಕರ್ ಈ ಶತಮಾನದ ಹೊಸ್ತಿಲಲ್ಲಿ ಬಾಗಿಲು ಹಾಕಿತು. ಡಿ.ಸಿ.ಎಂ. ಎಂಬ ಹತ್ತಿ ಗಿರಣಿ ಈಗ ಟೌನ್‌ಶಿಪ್ಪಿನ ಹೆಸರಾಗಿ ಉಳಿದಿದೆ. ಗೇಟ್ ಹೋದ ಜಾಗದಲ್ಲಿ ಟೆಂಡರಣ್ಣ ನಿಂತಿದ್ದಾನೆ.

ಅವನ ಲೆಕ್ಕವನ್ನೂ ಸ್ವಲ್ಪ ನೋಡಿ. ಹೊರಗುತ್ತಿಗೆಯ ಟೆಂಡರಿನಲ್ಲಿ ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ. ಎಲ್ಲ ಮೊದಲೇ ನಿಗದಿ. ಪೈಪೋಟಿ ಇರುವುದು ಸರ್ವಿಸ್ ಚಾರ್ಜಿನ ಮೇಲೆ ಮಾತ್ರ. ಅದನ್ನು ಶೇ 0.01ಕ್ಕೆ ಇಳಿಸಿ ಹಾಕುವ ಶೂರರಿದ್ದಾರೆ. ಅಂದರೆ ತಿಂಗಳಿಗೆ 10 ಲಕ್ಷ ರೂಪಾಯಿ ಸಂಬಳ ಹಂಚಿದವನಿಗೆ ಉಳಿಯುವುದು 100 ರೂಪಾಯಿ. ಆ ನೂರರಲ್ಲೇ ಅವನು ಕಾರಿನ ಕಂತು ಕಟ್ಟುತ್ತಾನೆ, ಗಣಪತಿ ಪೆಂಡಾಲಿಗೆ ಚಂದಾ ಕೊಡುತ್ತಾನೆ, ಸಾಹೇಬರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸುತ್ತಾನೆ. ಇಂಥ ಮಿತವ್ಯಯಿ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ. ನಿಜವಾದ ಲಾಭ ಹುಟ್ಟುವುದು ಬೇರೆ ಕಡೆ: ಕೆಲಸ ಕೊಡಿಸಿದ್ದಕ್ಕೆ ಪಡೆದ ‘ಡಿಪಾಜಿಟ್’ನಲ್ಲಿ, ಮೂರು ತಿಂಗಳು ತಡವಾದ ಸಂಬಳದಲ್ಲಿ, ಮಾಲೀಕನ ಪಾಲಿನ ಪಿ.ಎಫ್. ಅನ್ನೂ ಹುಡುಗನ ಕೈಯಿಂದಲೇ ಮುರಿದುಕೊಳ್ಳುವುದರಲ್ಲಿ.

ಆದರೂ ಟೆಂಡರಣ್ಣನನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಮಾಡಿದ ಕೆಲಸದ ಬಿಲ್ಲಿಗಾಗಿ ವರ್ಷಗಟ್ಟಲೆ ಮೆಟ್ಟಿಲು ಹತ್ತುವವನೂ ಅವನೇ, ಹೆಂಡತಿಯ ಬಳೆ ಅಡವಿಟ್ಟು ಟೆಂಡರಿನ ಮುಂಗಡ ಠೇವಣಿ ಇ.ಎಂ.ಡಿ. ಕಟ್ಟುವವನೂ ಅವನೇ. ಎಲ್ಲಕ್ಕಿಂತ ಕಡಿಮೆ ಹೇಳಿದವನಿಗೇ ಕೆಲಸ ಎಂಬ ವ್ಯವಸ್ಥೆ ಮಾಡಿ, ಕೆಲಸವೂ ಕಡಿಮೆಯೇ ಆಯಿತೆಂದು ಅಳುವುದರಲ್ಲಿ ಅರ್ಥವಿಲ್ಲ.

ನಾವು ಮಾಡಬಹುದಾದದ್ದು ಇಷ್ಟು. ನಿಮ್ಮ ಬೀದಿಯಲ್ಲಿ ಕೆಲಸ ಶುರುವಾದರೆ ಮೊತ್ತ, ಅವಧಿ, ಗುತ್ತಿಗೆದಾರರ ಹೆಸರಿನ ಬೋರ್ಡ್ ಎಲ್ಲಿ ಎಂದು ಕೇಳಿ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಅಧಿಕಾರವನ್ನು 2005ರ ಮಾಹಿತಿ ಹಕ್ಕು ಕಾಯ್ದೆ ನಿಮಗೆ ಕೊಟ್ಟಿದೆ. ಅರ್ಜಿಯ ಶುಲ್ಕ 10 ರೂಪಾಯಿ. ಹೊರಗುತ್ತಿಗೆಗೆ ಸೇರುವ ತಮ್ಮಂದಿರೇ ತಂಗಿಯರೇ, ಮೊದಲ ತಿಂಗಳಲ್ಲೇ ನಿಮ್ಮ ಪಿ.ಎಫ್. ನಂಬರ್ ಕೇಳಿ ತೆಗೆದುಕೊಳ್ಳಿ. ಕೆಲಸಕ್ಕಾಗಿ ಯಾರ ಕೈಗೂ ಡಿಪಾಜಿಟ್ ಇಡಬೇಡಿ, ಟೆಂಡರಣ್ಣ ನಿಮ್ಮ ಸೋದರಮಾವನೇ ಆಗಿದ್ದರೂ.