ದುಭಾಷಿ ಹುಡುಕುವ ವಿದ್ವಾಂಸರು

ದೆಹಲಿಯ ಲಾಜಪತ್ ನಗರದ ಅಫ್ಘನ್ ನಾನ್ ಅಂಗಡಿಗಳ ಬಳಿ, ಹೆಗಲಲ್ಲಿ ಬಟ್ಟೆಚೀಲ, ಕೈಯಲ್ಲಿ ಪ್ರಶ್ನಾವಳಿ ಹಿಡಿದು ನಿಂತವರು ಕಂಡರೆ ಸಮಾಜವಿಜ್ಞಾನಿ ಎಂದು ಧಾರಾಳವಾಗಿ ನಂಬಬಹುದು. ವಲಸೆ, ಅಸ್ಮಿತೆ, ಲಿಂಗಸಂಬಂಧ: ಈ ಮೂರರಲ್ಲಿ ಎರಡಾದರೂ ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಇದ್ದೇ ಇರುತ್ತವೆ. ಪ್ರಶ್ನೆಗಳು ಉರ್ದುವಿನಲ್ಲಿ ಸಿದ್ಧ. ಉತ್ತರ ಕೊಡಬೇಕಾದವರ ಮನೆಮಾತು ದರಿ, ಅಂದರೆ ಅಫ್ಘಾನಿಸ್ತಾನದ ಪರ್ಷಿಯನ್. ನಡುವೆ ಒಬ್ಬ ದುಭಾಷಿ ಬೇಕು. ಅದೇನು ಮಹಾ ಎಂಬ ನಂಬಿಕೆಯೇ ಈ ವಿದ್ವಾಂಸರ ಕುಲಲಕ್ಷಣ. ಲಿಪಿ ಹೆಚ್ಚುಕಡಿಮೆ ಒಂದೇ, ಉರ್ದುವಿನ ತುಂಬ ಪರ್ಷಿಯನ್ ಪದಗಳು, ಆದ್ದರಿಂದ ನಾಲ್ಕು ಶಾಯರಿ ಬಲ್ಲ ಯಾರಾದರೂ ಸಾಕಂತೆ. ಈ ತರ್ಕ ಒಪ್ಪಿದರೆ, ಜಮೀನು, ದಸ್ತಾವೇಜು, ದರಖಾಸ್ತು ಎಂದು ದಿನವಿಡೀ ಪರ್ಷಿಯನ್ ಉದುರಿಸುವ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರನ್ನು ನೇರ ಟೆಹರಾನಿಗೆ ವರ್ಗ ಮಾಡಬಹುದು. (ಗುಮಾಸ್ತ ಎಂಬ ಮಾತೂ ಅಲ್ಲಿಯದೇ.) ಕಂಪನಿ ಸರ್ಕಾರ 1837ರಲ್ಲಿ ಪರ್ಷಿಯನ್ನಿಗೆ ಕಚೇರಿಯಿಂದ ನಿವೃತ್ತಿ ಕೊಟ್ಟಿತು, ಪದಗಳು ಕಡತದಲ್ಲಿ ಉಳಿದವು, ಅವುಗಳಿಂದ ವಾಕ್ಯ ಕಟ್ಟಬಲ್ಲವರು ವಿರಳವಾದರು. ಇನ್ನು ಪರ್ಷಿಯನ್ ಎಂ.ಎ. ಮಾಡಿದವರನ್ನು ಹಿಡಿದು ತಂದರೆ, ಹಾಫಿಜ್, ಸಾದಿಯಂಥ ಹಳೆಯ ಕವಿಗಳಲ್ಲಿ ಪಳಗಿದ ಆ ನಾಲಗೆ ಮನೆಬಾಡಿಗೆ ಎಷ್ಟು ಎಂದು ಕೇಳುವಾಗ ತಡವರಿಸುವುದೂ ಉಂಟು.

ದುಭಾಷಿ ಎಂದರೆ ಮಾತು ಹಾಯುವ ಕೊಳವೆ ಎಂದು ವಿದ್ವಾಂಸರು ಭಾವಿಸಿರುತ್ತಾರೆ. ವ್ಯಾಕರಣ ಅದನ್ನು ಒಪ್ಪುವುದಿಲ್ಲ. ಪರ್ಷಿಯನ್ನಿನಲ್ಲಿ ಅವನಿಗೂ ಅವಳಿಗೂ ಒಂದೇ ಸರ್ವನಾಮ. ಕ್ರಿಯಾಪದವೂ ಗಂಡೋ ಹೆಣ್ಣೋ ಹೇಳುವುದಿಲ್ಲ. ಉರ್ದು ಮಾತ್ರ ಕೇಳದೆ ಬಿಡದು. ಪಕ್ಕದ ಮನೆಯಿಂದ ಯಾರೋ ದಿನಾ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು ಎಂದು ಒಬ್ಬ ಅಜ್ಜಿ ಹೇಳಿದರೆ, ಆ ಯಾರೋ ಯಾರೆಂದು ದುಭಾಷಿಯೇ ನಿಂತಲ್ಲಿ ತೀರ್ಮಾನಿಸಬೇಕು. ಮಗು ಎಂದ ಮೇಲೆ ಹೆಂಗಸೇ ಇರಬೇಕೆಂದು ಆತ ಸ್ತ್ರೀಲಿಂಗ ಹಚ್ಚುತ್ತಾನೆ. ವಿದ್ವಾಂಸರು ಅದನ್ನು ಕೋಷ್ಟಕದಲ್ಲಿ ತುಂಬಿ, ಆರೈಕೆಯ ಹೊರೆ ಹೆಣ್ಣಿನದೇ ಎಂದು ಸಾಧಿಸಿ, ವಿಚಾರಸಂಕಿರಣದಲ್ಲಿ ಚಪ್ಪಾಳೆ ಗಿಟ್ಟಿಸುತ್ತಾರೆ. ತೀರ್ಮಾನ ನಿಜವೇ ಇರಬಹುದು. ಆದರೆ ಅದನ್ನು ಕಂಡುಹಿಡಿದದ್ದು ದುಭಾಷಿ, ಅದೂ ಉತ್ತರ ಪೂರ್ತಿ ಕೇಳುವ ಮೊದಲೇ.

ದೆಹಲಿಯ ಅಫ್ಘನ್ನರಲ್ಲಿ ಎಷ್ಟೋ ಜನಕ್ಕೆ ಹಿಂದಿ-ಉರ್ದು ಬರುತ್ತದಲ್ಲ, ದುಭಾಷಿಯ ಗೊಡವೆ ಏಕೆ ಎಂದು ಆಕ್ಷೇಪಿಸಬಹುದು. ಬರುತ್ತದೆ, ಸುಳ್ಳಲ್ಲ. ಕೆಲವರು ಪಾಕಿಸ್ತಾನದಲ್ಲಿ ನಿರಾಶ್ರಿತರಾಗಿದ್ದಾಗ ಕಲಿತರು, ಕೆಲವರಿಗೆ ಹಿಂದಿ ಸಿನಿಮಾವೇ ಮೇಷ್ಟರು. ಆದರೆ ಅಂಥವರನ್ನಷ್ಟೇ ಮಾತಾಡಿಸಿದರೆ ಅಂಗಡಿ, ಆಸ್ಪತ್ರೆ ಸುತ್ತಿ ಮಾತು ಗಿಟ್ಟಿಸಿಕೊಂಡವರ ಕಥೆ ಸಿಕ್ಕೀತು; ಮನೆಯೊಳಗೇ ಉಳಿದ ಮುದುಕರು, ಹೊಸದಾಗಿ ಬಂದ ಹೆಂಗಸರು ಲೆಕ್ಕದಿಂದಲೇ ಜಾರುತ್ತಾರೆ. ಒಳ್ಳೆಯ ದುಭಾಷಿಗೆ ದುಡ್ಡೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಲ್ಯಾಪ್‌ಟಾಪಿಗೆ, ವಿಮಾನಕ್ಕೆ, ಸಮಾರೋಪದ ಊಟಕ್ಕೆ ಇರುವ ದುಡ್ಡು ಅರ್ಧ ಸಂಶೋಧನೆ ಮಾಡಿಕೊಡುವವನ ಹತ್ತಿರ ಬಂದಾಗಲೇ ಏಕೆ ಖಾಲಿಯಾಗಬೇಕು? ಆದ್ದರಿಂದ ಮಾರ್ಗದರ್ಶಕರಲ್ಲಿ ಒಂದು ಬಿನ್ನಹ: ದುಭಾಷಿಯ ಸಂಬಳವನ್ನು ‘ಇತರೆ ಖರ್ಚು’ಗಳಲ್ಲಿ ತುರುಕಿದ ಪ್ರಸ್ತಾವನೆ ಮೇಜಿಗೆ ಬಂದರೆ ಸಹಿ ಹಾಕದೆ ವಾಪಸು ಕಳಿಸಿ.