ಓದಿದವರು, ಕೇಳಿದವರು, ಅಭಿಪ್ರಾಯ ಇದ್ದವರು

ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳುವವರಲ್ಲಿ ಮೂರು ಬಗೆ: ಓದಿದವರು, ಕೇಳಿದವರು, ಓದಿದವರ ಮಾತನ್ನು ಕೇಳಿದವರು. ದನಿ ಜೋರಿರುವುದು ಮೂರನೆಯವರದ್ದೇ.

ಓದಿದವರ ಅಭಿಪ್ರಾಯ ಪುಸ್ತಕದ ಗಾತ್ರದ ಮೇಲೆ ನಿಂತಿರುತ್ತದೆ. ತೇಜಸ್ವಿಯವರ ‘ಕರ್ವಾಲೊ’ (1980) ಚಿಕ್ಕದು. ಮುಗಿಸಿದವರು ಅದರಲ್ಲಿನ ಹಾರುವ ಓತಿಯ ಪರವಾಗಿ ಜಗಳಕ್ಕೂ ಸಿದ್ಧ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ದಿಂಬಿನಷ್ಟು ದಪ್ಪ. ಅರ್ಧಕ್ಕೆ ಬಿಟ್ಟವರು ‘ನಿಧಾನವಾಗಿ ಸವಿಯುತ್ತಿದ್ದೇನೆ’ ಎನ್ನುತ್ತಾರೆ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದರ ಅಹೋರಾತ್ರಿ ನಾಟಕ ನೋಡಿದವರಂತೂ ಓದಿದವರಿಗೇ ಕಥೆ ಹೇಳುತ್ತಾರೆ.

ಕೇಳುವವರದ್ದು ಬೇರೆ ಲೆಕ್ಕ. ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಿಂದ ಮೈಸೂರಿಗೆ ಬಸ್ಸು ಹತ್ತಿದವರಿಗೆ ಆಡಿಯೊ ಪುಸ್ತಕದ ಕೆಲವು ಅಧ್ಯಾಯಕ್ಕೆ ಬಿಡುವುಂಟು. ನಡುವೆ ಜೊಂಪು ಹತ್ತಿದರೆ, ಎಚ್ಚರವಾಗುವಷ್ಟರಲ್ಲಿ ನಾಯಕನ ಮದುವೆ ಮುಗಿದು ವಿರಸವೂ ಶುರುವಾಗಿರುತ್ತದೆ. ಇವರು ವಿಮರ್ಶೆ ಮಾಡುವುದು ಮೊದಲು ಪುಸ್ತಕಕ್ಕೆ ದನಿ ಕೊಟ್ಟವರ ಗಂಟಲನ್ನು, ಆಮೇಲೆ ಕಾದಂಬರಿಯನ್ನು. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದವರಿಗೆ ದುರಂತವೂ ಅವಸರದ್ದೆನಿಸುತ್ತದೆ.

ಕಿವಿ ಗೆಲ್ಲುವುದು ದೇವನೂರ ಮಹಾದೇವರ ‘ಕುಸುಮಬಾಲೆ’ಯಂಥ ಕೃತಿಯಲ್ಲಿ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯದು ನಂಜನಗೂಡು ಸೀಮೆಯ ಆಡುನುಡಿ. ದೂರದ ಜಿಲ್ಲೆಯವರು ಕಷ್ಟವೆಂದು ಮುಚ್ಚಿಟ್ಟ ಪುಟವನ್ನು ಪಕ್ಕದ ಎಚ್.ಡಿ. ಕೋಟೆಯವರಿಗೆ ಯಾರಾದರೂ ಗಟ್ಟಿಯಾಗಿ ಓದಿದರೆ ಸಾಕು, ಅರ್ಥಕೋಶ ಬೇಕಾಗುವುದಿಲ್ಲ.