ಹೊಲಕ್ಕೆ ನಾಡಕಚೇರಿ, ಮನೆಗೆ ಪಂಚಾಯಿತಿ

ಪಂಚಾಯಿತಿಯವರು ಇಲ್ಲಿ ಆಗಲ್ಲ ಅಂದಿದ್ದು ಸರಿಯೇ ಅಕ್ಕ, ಬೇಜಾರು ಮಾಡ್ಕೋಬೇಡಿ. ಮನೆ ಖಾತೆ ಅವರದು, ಹೊಲದ ಪಹಣಿ ಕಂದಾಯ ಇಲಾಖೆಯದು. ಮಾವನವರ ಹೆಸರಿನಿಂದ ಹೊಲ ನಿಮ್ಮ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ಅದಕ್ಕೆ ಹೋಬಳಿಯ ನಾಡಕಚೇರಿಗೆ ಹೋಗಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೊತೆಗಿರಲಿ. ಗ್ರಾಮ ಆಡಳಿತಾಧಿಕಾರಿ, ಅಂದರೆ ನಾವು ವಿ.ಎ. ಅಂತ ಕರೀತೀವಲ್ಲ ಅವರು, ಊರಲ್ಲಿ ವಿಚಾರಿಸಿ ವರದಿ ಕೊಡ್ತಾರೆ. ಆಮೇಲೆ ಆರ್.ಐ., ಅಂದರೆ ಕಂದಾಯ ನಿರೀಕ್ಷಕರು, ನೋಡ್ತಾರೆ.

ಮೈದುನ ತಕರಾರು ತೆಗೆದರೆ? ಆಗ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಆ ಆದೇಶ ಒಪ್ಪದಿದ್ದರೆ ಎ.ಸಿ., ಅಂದರೆ ಉಪವಿಭಾಗಾಧಿಕಾರಿಯ ಕೋರ್ಟಿಗೆ ಮೇಲ್ಮನವಿ, ಅದರ ಮೇಲೆ ಡಿ.ಸಿ., ಅಂದರೆ ಜಿಲ್ಲಾಧಿಕಾರಿ. ಆದರೆ ಯಾರಿಗೆ ಎಷ್ಟು ಭಾಗ ಅನ್ನೋದನ್ನು ಡಿ.ಸಿ.ಯೂ ತೀರ್ಮಾನಿಸೋ ಹಾಗಿಲ್ಲ. ಅದು ಸಿವಿಲ್ ನ್ಯಾಯಾಲಯದ ಕೆಲಸ. ಅಧಿಕಾರ ನಡೆಸೋರೇ ನ್ಯಾಯವನ್ನೂ ಹೇಳಬಾರದು ಅಂತ ಕಟ್ಟಿಟ್ಟ ಗೋಡೆ ಅದು, ಬಡವರಿಗೆ ಅದೇ ದೊಡ್ಡ ರಕ್ಷಣೆ. ಹೈಕೋರ್ಟು ಕೂಡ 2008ರಲ್ಲಿ ಧಾರವಾಡ, ಕಲಬುರಗಿಯಲ್ಲಿ ಪೀಠ ತೆರೆದು ಜನಕ್ಕೆ ಹತ್ತಿರ ಬಂತು.

ಇನ್ನು ಈ ಕಚೇರಿಗಳೆಲ್ಲದರ ಮೇಲೆ ವಿಧಾನಸೌಧ: 224 ಸ್ಥಾನದ ವಿಧಾನಸಭೆ, 75ರ ಪರಿಷತ್ತು. ಕಾನೂನು ಅಲ್ಲಿ ಆಗುತ್ತೆ. ಸರ್ಕಾರದ ಆದೇಶ 31 ಜಿಲ್ಲೆಗಳ ಡಿ.ಸಿ.ಗಳಿಂದ ವಿ.ಎ.ವರೆಗೂ ಇಳಿಯುತ್ತೆ. ಅವರೆಲ್ಲ ನೇಮಕವಾಗಿ ಬಂದೋರು. ನಾವು ಆರಿಸಿದೋರು ಬೇರೆ: ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಊರೂರಿಗೆ ಕೊಳವೆಬಾವಿ ಕೊಡಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1987ರಲ್ಲೇ, ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿದ ರಾಜ್ಯ ನಮ್ಮದು. ದೇಶದಲ್ಲಿ ಪಂಚಾಯಿತಿಗಳಿಗಾಗಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ!

ಅಂಥಾ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ವೋಟು ಹಾಕಿದ್ದು. 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ನನಗೆ ಇದು ತುಂಬಾ ನೋವಿನ ವಿಷಯ ಅಕ್ಕ. ಶಾಲೆ ಕೊಠಡಿ ಸೋರುತ್ತೆ ಅಂತ ಹೇಳೋಕೆ ಶಾಸಕರ ಮನೆ ಮುಂದೆ ಕಾಯಬೇಕಾ? ನಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರು ಇದ್ದಿದ್ದರೆ ಸಭೆಯಲ್ಲಿ ಎದ್ದು ಕೇಳ್ತಿದ್ದರು.

ಗ್ರಾಮಸಭೆ ಅಂತೂ ಇದೆ, ಈ ಸಲ ನೀವೂ ಬನ್ನಿ. ಕೊಠಡಿ ವಿಷಯ ಬರೀ ಬಾಯಲ್ಲಿ ಹೇಳಿ ಬರೋದು ಬೇಡ, ನಡಾವಳಿಯಲ್ಲಿ ಬರೆಸೋಣ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಇಸ್ಕೊಳ್ಳೋದನ್ನ ಮಾತ್ರ ಮರೀಬೇಡಿ.